ಕೋಡಿ ಬಿದ್ದ ಕರೆಂಟು

"ಲೈಟು ಇನ್ನೂ ಹತ್ತೈತಿ ನೋಡಪ್ಪಾ, ಟಿವಿ ಮಾತ್ರ ಸತ್ತೈತಿ. ಮತ್ತೆ ಈ ಬಾಕ್ಸು ಕಾಯ್ದದ್ದೇನು?"

ಹಲವಾಗಲಿನ ಒಂದು ಮನೆಯ ಪಡಸಾಲೆಯಲ್ಲಿ ಆ ಮನೆಯ ಅವ್ವ ಕೇಳಿದ ಪ್ರಶ್ನೆ ಇದು. ಹರಪನಹಳ್ಳಿ ತಾಲ್ಲೂಕಿನ, ತುಂಗಭದ್ರೆಯ ಕಡೆಯ ಊರು ಹಲವಾಗಲು. ಹೊಲದಲ್ಲಿ ಪಂಪ್‌ಸೆಟ್ಟು, ಮನೆಯಲ್ಲಿ ಟಿವಿ, ಫ್ರಿಜ್ಜು, ಮೊಮ್ಮಗಳ ಓದಿಗೊಂದು ಕಂಪ್ಯೂಟರು. ಟಿವಿಯ ಕೆಳಗೆ ನಾಲ್ಕು ತೂತಿನ ಉದ್ದನೆಯ ಬಾಕ್ಸು. ಅಂಗಡಿಯವರು ಅದನ್ನು ಸ್ಪೈಕ್ ಗಾರ್ಡ್ ಎನ್ನುತ್ತಾರೆ, ಡಬ್ಬಿಯ ಮೇಲೆ ಸರ್ಜ್ ಪ್ರೊಟೆಕ್ಟರ್ ಎಂದು ಬರೆದಿರುತ್ತದೆ, ಮನೆಯವರಿಗೆ ಅದು ಬರೀ ಬಾಕ್ಸು. ಅದರ ಕೆಂಪು ದೀಪ ಏನೂ ಆಗದವರಂತೆ ಉರಿಯುತ್ತಿತ್ತು.

ಏನಾಯಿತು ಎಂದು ಕೇಳಿದೆ. ಭರಣಿ ಮಳೆ, ಸಂಜೆ ಹೊತ್ತು, ಗಾಳಿ ಜೋರು, ಗುಡುಗು. ಒಮ್ಮೆಲೆ ಬಲ್ಬು ಕಣ್ಣು ಕುಕ್ಕುವಷ್ಟು ಬೆಳಗಿತು. ಫ್ಯಾನು ಕಿತ್ತುಕೊಂಡು ಬೀಳುವ ಹಾಗೆ ತಿರುಗಿತು. ಬಾಕ್ಸಿನಿಂದ 'ಟಪ್' ಎಂದು ಸದ್ದು, ಸುಟ್ಟ ವಾಸನೆ. ಅರೆಗಳಿಗೆ ಬಿಟ್ಟು ಟಿವಿ ಹೋಯಿತು. ಸೊಸೆ ಗಾಬರಿಯಾಗಿ ಫ್ರಿಜ್ಜಿನ ಬಾಗಿಲು ಹಿಡಿದಾಗ ಕೈ ಜುಮ್ಮೆಂದು ಎಳೆಯಿತು. ಕಾಲಲ್ಲಿ ಚಪ್ಪಲಿ ಇತ್ತು, ಪುಣ್ಯ. ಹಿಂದಿನ ಓಣಿಯ ಮನೆಯಲ್ಲಿ ಅದೇ ಹೊತ್ತಿಗೆ ದೀಪ ಮಂಕಾಗಿ, ಇಸ್ತ್ರಿ ಪೆಟ್ಟಿಗೆ ಬಿಸಿಯೇ ಆಗಲಿಲ್ಲವಂತೆ. ಓಣಿಯವರೆಲ್ಲ ಒಂದೇ ಮಾತು ಹೇಳಿದರು: ಸಿಡಿಲು ಹೊಡೀತು.

ಕೆಟ್ಟ ಬಾಕ್ಸನ್ನು ಪರೀಕ್ಷಿಸುವುದೆಂದರೆ ಸತ್ತವರ ಸಾಕ್ಷ್ಯ ಕೇಳಿದ ಹಾಗೆ. ಏನು ಸತ್ತಿತು, ಏನು ಬದುಕಿತು, ಯಾವುದು ಮೊದಲು, ಪಕ್ಕದ ಮನೆಯಲ್ಲಿ ಏನಾಯಿತು ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಅವ್ವ ಹೇಳಿದ್ದರಲ್ಲೇ ಉತ್ತರ ಇತ್ತು. ಅದನ್ನು ಓದಲು ಮೊದಲು ಬಾಕ್ಸಿನ ಹೊಟ್ಟೆಯೊಳಗೆ ಇಣುಕಬೇಕು.

ನೀಲಿ ಬಿಲ್ಲೆಯ ಕೋಡಿ

ಪ್ಲಗ್ ಕಿತ್ತು, ನಾಲ್ಕು ಸ್ಕ್ರೂ ಬಿಚ್ಚಿದೆ. ಒಳಗೆ ಹಿತ್ತಾಳೆಯ ಪಟ್ಟಿಗಳು, ಒಂದು ಸಣ್ಣ ಬೋರ್ಡು, ಅದರ ಮೇಲೆ ದೊಡ್ಡ ನಾಣ್ಯದ ಅಳತೆಯ ನೀಲಿ ಬಿಲ್ಲೆ. ಒಂದು ಮಗ್ಗುಲು ಕರಿಬಿದ್ದು ಸೀದಿತ್ತು. ಉಳಿದ ನೀಲಿಯ ಮೇಲೆ ಇನ್ನೂ ಓದಬಹುದಾದ ಅಕ್ಷರ: 20ಡಿ 431ಕೆ. ರಿಪೇರಿಯವರಲ್ಲಿ ಕೆಲವರು ಇದನ್ನು ಕಂಡೆನ್ಸರ್ ಎಂದು ತಿಳಿಯುತ್ತಾರೆ. ನೋಡಲು ಹಾಗೇ ಇದೆ. ಇದು ವೇರಿಸ್ಟರ್, ಪೂರ್ತಿ ಹೆಸರು ಮೆಟಲ್ ಆಕ್ಸೈಡ್ ವೇರಿಸ್ಟರ್. 20 ಎಂದರೆ ಬಿಲ್ಲೆಯ ಅಡ್ಡಳತೆ, ಮಿಲಿಮೀಟರಿನಲ್ಲಿ. 431 ಎಂದರೆ 43ರ ಮುಂದೆ ಒಂದು ಸೊನ್ನೆ, 430 ವೋಲ್ಟ್. ಕೊನೆಯ ಕೆ ಅಂದರೆ ಶೇಕಡ 10ರಷ್ಟು ಆಚೀಚೆ.

ಬಿಲ್ಲೆಯ ಕೆಲಸ ತಿಳಿಯಲು ಕೆರೆಯ ಕೋಡಿಯನ್ನು ನೆನೆಯಿರಿ. ನೀರು ಕೋಡಿಯ ಮಟ್ಟಕ್ಕಿಂತ ಕೆಳಗಿರುವ ತನಕ ಕೋಡಿ ಬರೀ ಕಲ್ಲು, ಒಂದು ಹನಿಯನ್ನೂ ಬಿಡದು. ಮಟ್ಟ ದಾಟಿದೊಡನೆ ಹೆಚ್ಚಿನ ನೀರು ಅದರ ಮೇಲೆ ಹಾದು ಹಳ್ಳ ಸೇರುತ್ತದೆ, ಏರಿ ಉಳಿಯುತ್ತದೆ. ಬಿಲ್ಲೆಯೂ ಹಾಗೇ. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಅದನ್ನು ಅಡ್ಡ ಕಟ್ಟಿರುತ್ತಾರೆ. ಮನೆಯ ಕರೆಂಟು 230 ವೋಲ್ಟ್ ಎನ್ನುತ್ತೇವಾದರೂ ಅದು ಸೆಕೆಂಡಿಗೆ 50 ಸಲ ಏರಿಳಿಯುವ ಅಲೆ, ಅದರ ತುದಿ 325 ವೋಲ್ಟ್ ಮುಟ್ಟುತ್ತದೆ. ಅಷ್ಟರ ತನಕ ಬಿಲ್ಲೆ ಕಲ್ಲಿನ ಹಾಗೆ ಸುಮ್ಮನಿರುತ್ತದೆ. 430ರ ಸುಮಾರಿಗೆ ಒಂದು ಮಿಲಿ ಆಂಪಿಯರಿನಷ್ಟು ಜಿನುಗಲು ಶುರು. ಅಲ್ಲಿಂದ ಮೇಲೆ ವೋಲ್ಟೇಜು ತುಸುವೇ ಏರಿದರೂ ಹರಿವು ಸಾವಿರಾರು ಪಟ್ಟು ಹೆಚ್ಚುತ್ತದೆ. 100 ಆಂಪಿಯರ್ ಹರಿಯುವಾಗಲೂ ಬಿಲ್ಲೆಯ ಎರಡು ಕಾಲುಗಳ ನಡುವೆ ಸುಮಾರು 700 ವೋಲ್ಟ್ ಮಾತ್ರ. ಸಾವಿರಾರು ವೋಲ್ಟಿನ ಏಟು ಟಿವಿಗೆ ತಲುಪುವ ಹೊತ್ತಿಗೆ 700ಕ್ಕೆ ಇಳಿದಿರುತ್ತದೆ, ಅದೂ ಸೆಕೆಂಡಿನ ಲಕ್ಷದಲ್ಲಿ ಕೆಲವೇ ಭಾಗಗಳ ಹೊತ್ತು. ಅಷ್ಟನ್ನು ಟಿವಿ ತಡೆದುಕೊಳ್ಳುತ್ತದೆ.

ಈ ಗುಣ ಬಂದದ್ದು ಒಂದು ಬಡ ಪುಡಿಯಿಂದ. ಬೆವರುಸಾಲೆಗೆ ಹಚ್ಚುವ ಕ್ಯಾಲಮೈನ್ ಲೋಷನ್ನಿನಲ್ಲಿ ಇರುವ ಸತುವಿನ ಆಕ್ಸೈಡೇ ಬಿಲ್ಲೆಯ ಮುಖ್ಯ ಸರಕು. ಅದಕ್ಕೆ ಬಿಸ್ಮತ್, ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹಗಳ ಆಕ್ಸೈಡನ್ನು ಚಿಟಿಕೆಯಷ್ಟು ಬೆರೆಸಿ, ಒತ್ತಿ, ಕುಂಬಾರನ ಆವಿಗೆಗಿಂತ ಹೆಚ್ಚಿನ ಕಾವಿನಲ್ಲಿ ಸುಡುತ್ತಾರೆ. ಸುಟ್ಟಾಗ ಸತುವಿನ ಆಕ್ಸೈಡು ಕಾಳುಕಾಳಾಗಿ ಕೂಡುತ್ತದೆ, ಬಿಸ್ಮತ್ತು ಆ ಕಾಳುಗಳ ನಡುವಿನ ಸಂದಿಯಲ್ಲಿ ಬದುವಿನ ಹಾಗೆ ನಿಲ್ಲುತ್ತದೆ. ಕಾಳು ಕರೆಂಟನ್ನು ಸಲೀಸಾಗಿ ಬಿಡುತ್ತದೆ, ಬದು ಬಿಡದು. ಆದರೆ ಒಂದೊಂದು ಬದುವಿನ ತಾಳಿಕೆ ಸುಮಾರು 3 ವೋಲ್ಟ್ ಮಾತ್ರ. ಬಿಲ್ಲೆಯ ದಪ್ಪದಲ್ಲಿ ಇಂಥ 140 ಬದು ಸಾಲಾಗಿ ಬಂದರೆ 430ರ ಆಸುಪಾಸು ಆಯಿತು. ಕೋಡಿಯ ಎತ್ತರವನ್ನು ಬದುಗಳ ಎಣಿಕೆ ನಿಗದಿ ಮಾಡುತ್ತದೆ. ಜಪಾನಿನ ಮತ್ಸುಶಿತ ಕಂಪನಿಯ ಮಿಚಿಯೊ ಮತ್ಸುಓಕ ಈ ವಸ್ತುವಿನ ಗುಣವನ್ನು ವಿವರಿಸಿ ಪ್ರಬಂಧ ಪ್ರಕಟಿಸಿದ್ದು 1971ರಲ್ಲಿ. ಇಂದು ಊರಿನ ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬದ ಮೇಲೆ 11,000 ವೋಲ್ಟಿನ ತಂತಿಯ ಪಕ್ಕ ನಿಂತಿರುವ ಸಿಡಿಲುತಡೆಯ ಹೊಟ್ಟೆಯಲ್ಲೂ ಸಾಮಾನ್ಯವಾಗಿ ಇದೇ ಸತುವಿನ ಬಿಲ್ಲೆಗಳು, ಒಂದರ ಮೇಲೊಂದು ಪೇರಿಸಿಟ್ಟವು.

ಒಂದು ವಾಟಿನ ಲೆಕ್ಕ

ಹಾಗಿದ್ದರೆ ಅವ್ವನ ಟಿವಿ ಯಾಕೆ ಹೋಯಿತು?

ಕೋಡಿ ಕಟ್ಟಿದವರು ಒಂದೆರಡು ದಿನದ ನೆರೆಯನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ. ಹೊಳೆಯನ್ನೇ ತಿರುಗಿಸಿ ಕೆರೆಗೆ ಬಿಟ್ಟು ವರ್ಷವಿಡೀ ಕೋಡಿ ಹರಿಸಿದರೆ ಅದರ ಕಲ್ಲು ಕಿತ್ತು ಬರುತ್ತದೆ. ಬಿಲ್ಲೆಯ ಗತಿಯೂ ಅದೇ. 1,000 ಆಂಪಿಯರಿನ ಒಂದು ಏಟು 800 ವೋಲ್ಟಿನಲ್ಲಿ ಸೆಕೆಂಡಿನ 10 ಲಕ್ಷದಲ್ಲಿ 20 ಭಾಗದ ಹೊತ್ತು ಹರಿಯಿತು ಎನ್ನಿ. ಗುಣಿಸಿದರೆ ಬರುವುದು 16 ಜೂಲ್. ಇಪ್ಪತ್ತು ಮಿಲಿಮೀಟರಿನ ಬಿಲ್ಲೆ ನೂರು ಜೂಲಿಗೂ ಹೆಚ್ಚನ್ನು ಒಂದೇ ಏಟಿಗೆ ನುಂಗಬಲ್ಲದು, ಹಾಗಾಗಿ ಇದು ಅದಕ್ಕೆ ತಿಂಡಿ. ಆದರೆ ಬಿಡದೆ ಸುರಿಯುವ ಬಿಸಿಯನ್ನು ತಾಳುವ ಅದರ ಶಕ್ತಿ ಸುಮಾರು ಒಂದೇ ಒಂದು ವಾಟ್. ಸಣ್ಣ ಎಲ್‌ಇಡಿ ರಾತ್ರಿದೀಪದಷ್ಟು. ಸ್ಪೈಕ್ ಗಾರ್ಡಿನ ಡಬ್ಬಿಯ ಮೇಲೆ ಜೂಲ್ ಎಷ್ಟೆಂದು ದೊಡ್ಡಕ್ಷರದಲ್ಲಿ ಹಾಕುತ್ತಾರೆ. ಈ ಒಂದು ವಾಟನ್ನು ಯಾರೂ ಹಾಕುವುದಿಲ್ಲ.

ಈಗ ಆ ಸಂಜೆಗೆ ವಾಪಸು ಬರೋಣ. ಟಿಸಿಯಿಂದ ಊರಿಗೆ ಮೂರು ಫೇಸಿನ ಮೂರು ತಂತಿ, ಎಲ್ಲರಿಗೂ ಸೇರಿ ಒಂದು ನ್ಯೂಟ್ರಲ್ ತಂತಿ. ನಿಮ್ಮ ಓಣಿಗೆ ಒಂದು ಫೇಸು, ಹಿಂದಿನ ಓಣಿಗೆ ಇನ್ನೊಂದು. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ವೋಲ್ಟ್, ಒಂದು ಫೇಸಿಗೂ ಇನ್ನೊಂದಕ್ಕೂ ನಡುವೆ 400. ನ್ಯೂಟ್ರಲ್ ಗಟ್ಟಿಯಿರುವ ತನಕ ಯಾರ ಪಾಲು ಅವರಿಗೆ. ಗಾಳಿಗೆ ತಂತಿ ತೊನೆದು ನ್ಯೂಟ್ರಲ್ ಕಿತ್ತರೆ ಅಥವಾ ಜೋಡಣೆ ಸಡಿಲವಾದರೆ ಎರಡು ಓಣಿಗಳೂ 400 ವೋಲ್ಟಿಗೆ ಒಂದರ ಹಿಂದೊಂದು ಸರಣಿಯಲ್ಲಿ ಸಿಕ್ಕಿಬೀಳುತ್ತವೆ.

ಲೆಕ್ಕ ಸರಳ. ಅವ್ವನ ಮನೆಯಲ್ಲಿ ದೀಪ, ಟಿವಿ ಸೇರಿ 200 ವಾಟಿನ ಬಳಕೆ ಎನ್ನಿ. ಅದರ ತಡೆ ಸುಮಾರು 265 ಓಮ್. ಹಿಂದಿನ ಮನೆಯಲ್ಲಿ 1,000 ವಾಟಿನ ಇಸ್ತ್ರಿ ಪೆಟ್ಟಿಗೆ, ಅದರ ತಡೆ 53 ಓಮ್. 400 ವೋಲ್ಟು ತಡೆಯ ಪ್ರಮಾಣದಲ್ಲಿ ಹಂಚಿಹೋದರೆ ಇಸ್ತ್ರಿಗೆ ಸಿಗುವುದು 67, ಅವ್ವನ ಮನೆಗೆ 333. ಕಡಿಮೆ ಉರಿಸಿದವರ ಮನೆಗೇ ಹೆಚ್ಚು ವೋಲ್ಟೇಜು ನುಗ್ಗುತ್ತದೆ. ಒಬ್ಬರ ಮನೆಯಲ್ಲಿ ದೀಪ ಕಣ್ಣು ಕುಕ್ಕುವಾಗ ಇನ್ನೊಬ್ಬರ ಮನೆಯಲ್ಲಿ ಮಂಕಾದದ್ದು ಇದರಿಂದ. ಇಂಥ ಜೋಡಿ ಸುದ್ದಿ ಕೇಳಿಬಂದರೆ ಸಿಡಿಲನ್ನು ಬಿಟ್ಟು ನ್ಯೂಟ್ರಲ್ಲನ್ನು ಹಿಡಿಯಿರಿ. ಸಿಡಿಲಿನ ಆಟ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಫ್ಯಾನಿನ ವೇಗ ಹೆಚ್ಚಿಸುವಷ್ಟು ಪುರುಸೊತ್ತು ಅದಕ್ಕಿಲ್ಲ.

333 ವೋಲ್ಟಿನ ಅಲೆಯ ತುದಿ 471. ಬಿಲ್ಲೆಯ ಕೋಡಿ 430ಕ್ಕೆ. ಅಂದರೆ ಸೆಕೆಂಡಿಗೆ 100 ಸಲ ಅದು ಕೋಡಿ ಬಿತ್ತು. ಒಂದು ವಾಟಿನ ಜೀವ ಕಾದು, ಸೀದು, 'ಟಪ್' ಎಂದಿತು. ಬಿಲ್ಲೆಗೆ ಒತ್ತಿಕೊಂಡಿದ್ದ ಕಾವಿನ ಫ್ಯೂಸು ಬೆಂಕಿ ಹತ್ತುವ ಮೊದಲೇ ಬಿಲ್ಲೆಯನ್ನು ತಂತಿಯಿಂದ ಬಿಡಿಸಿತು. ಇದು ಒಳ್ಳೆಯ ಬಾಕ್ಸಿನ ಲಕ್ಷಣ. ಆದರೆ ಬಿಲ್ಲೆ ಬಿಟ್ಟುಹೋದ ಮೇಲೆ ತೂತುಗಳಿಗೆ ಕರೆಂಟು ಹರಿಯುವುದು ನಿಲ್ಲಲಿಲ್ಲ. ಕಾವಲುಗಾರ ಬಿದ್ದ, ಬಾಗಿಲು ತೆರೆದೇ ಇತ್ತು. ಟಿವಿಯ ಪವರ್ ಬೋರ್ಡಿನಲ್ಲಿದ್ದ ದೊಡ್ಡ ಕೆಪಾಸಿಟರಿನ ಮೇಲೆ 400 ವೋಲ್ಟ್ ಎಂದು ಬರೆದಿತ್ತು. ಅದರ ಮೇಲೆ 471 ಕೂತರೆ ಏನಾದೀತು? ತಲೆ ಊದಿ ಹೊಟ್ಟೆ ಬಿರಿದಿತ್ತು.

ಕೆಂಪು ದೀಪದ ಒಗಟೂ ಇಲ್ಲೇ ಬಗೆಹರಿಯುತ್ತದೆ. ಆ ದೀಪ ಫೇಸು, ನ್ಯೂಟ್ರಲ್ಲಿನ ನಡುವೆ ಕೂತ ಪುಟ್ಟ ನಿಯಾನ್ ಬುರುಡೆ. 'ಕರೆಂಟು ಬಂದಿದೆ' ಎನ್ನುವುದಷ್ಟೇ ಅದಕ್ಕೆ ಗೊತ್ತು. ಬಿಲ್ಲೆ ಬದುಕಿದೆಯೇ ಎಂದು ಅದು ಹೇಳಲಾರದು. ಅದಕ್ಕಾಗಿಯೇ ಬೇರೊಂದು ದೀಪ ಇಟ್ಟ ಬಾಕ್ಸುಗಳಿವೆ; ಕೊಳ್ಳುವಾಗ ಕೇಳಿ ನೋಡಬೇಕಾದದ್ದು ಅದನ್ನು.

ಕೆಟ್ಟದ್ದೆಲ್ಲಿ?

ಬಾಕ್ಸು ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು? ಹೊರಗಿನಿಂದ ಒಳಕ್ಕೆ, ಸುಲಭದಿಂದ ಕಷ್ಟಕ್ಕೆ.

ಬಾಕ್ಸಿಗೆ ಜೀವವೇ ಇಲ್ಲವಾದರೆ ಮೊದಲು ಗೋಡೆಯ ತೂತಿಗೆ ಬೇರೆ ಏನನ್ನಾದರೂ ಸಿಕ್ಕಿಸಿ ನೋಡಿ. ಅಲ್ಲಿ ಕರೆಂಟು ಇದ್ದರೆ ಬಾಕ್ಸಿನ ಪಕ್ಕದಲ್ಲಿ ಕರಿಯ ಗುಂಡಿಯೊಂದು ಹೊರಗೆ ಚಿಮ್ಮಿದೆಯೇ ನೋಡಿ. ಅದು ಓವರ್‌ಲೋಡ್ ಸ್ವಿಚ್ಚು. ಎಲ್ಲ ಪ್ಲಗ್ ಕಿತ್ತು, ಎರಡು ನಿಮಿಷ ಆರಲು ಬಿಟ್ಟು ಒತ್ತಿದರೆ ಕೂರುತ್ತದೆ. ಮತ್ತೆ ಮತ್ತೆ ಚಿಮ್ಮುತ್ತಿದ್ದರೆ ಬಾಕ್ಸನ್ನು ಬೈಯಬೇಡಿ, ಹೊರೆಯನ್ನು ಲೆಕ್ಕ ಹಾಕಿ. 6 ಆಂಪಿಯರಿನ ಬಾಕ್ಸು 230 ವೋಲ್ಟಿನಲ್ಲಿ ಹೊರುವುದು 1,380 ವಾಟ್. ಟಿವಿ, ಸೆಟ್‌ಟಾಪ್ ಬಾಕ್ಸು, ಕಂಪ್ಯೂಟರು ಸೇರಿದರೂ ಇದರ ಅರ್ಧ ಮುಟ್ಟದು. ಅದೇ ಬಾಕ್ಸಿಗೆ 2,000 ವಾಟಿನ ಇಂಡಕ್ಷನ್ ಒಲೆ ಸಿಕ್ಕಿಸಿದರೆ ಗುಂಡಿ ಚಿಮ್ಮಿದ್ದೇ ಸರಿ.

ಗುಂಡಿ ಸರಿಯಿದ್ದೂ ಜೀವ ಬಾರದಿದ್ದರೆ ಒಳಗಿನ ಫ್ಯೂಸು ಹೋಗಿರಬಹುದು. ಕೆಲವು ಬಾಕ್ಸುಗಳಲ್ಲಿ ಬಿಲ್ಲೆ ಸತ್ತರೆ ಹೊರಹೋಗುವ ಕರೆಂಟೂ ನಿಲ್ಲುವಂತೆ ಕಟ್ಟಿರುತ್ತಾರೆ. ಅದನ್ನು ಕೆಟ್ಟಿತೆಂದು ಶಪಿಸುತ್ತೇವೆ. ನಿಜಕ್ಕೂ ಅದು ಟಿವಿಗಾಗಿ ಪ್ರಾಣ ಕೊಟ್ಟದ್ದು. ಇಲ್ಲೇ ಒಂದು ದೊಡ್ಡ ತಪ್ಪು ನಡೆಯುತ್ತದೆ. ಸುಟ್ಟ ಬಿಲ್ಲೆಯನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಿ, ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿ, "ಚಾಲೂ ಆತು, ತಗೊಳ್ರಿ" ಎಂದು ಕೈಗಿಡುತ್ತಾರೆ. ಚಾಲೂ ಆದದ್ದು ನಿಜ. ಆದರೆ ಅದೀಗ ಕೋಡಿ ಮುಚ್ಚಿದ ಕೆರೆ.

ಮಲ್ಟಿಮೀಟರ್ ಇದ್ದವರು ಪ್ಲಗ್ ಕಿತ್ತು, ಬಾಕ್ಸಿನ ಸ್ವಿಚ್ ಹಾಕಿ, ಫೇಸು ಮತ್ತು ನ್ಯೂಟ್ರಲ್ ಪಿನ್ನುಗಳ ನಡುವೆ ಓಮ್ ಅಳೆಯಬಹುದು. ಕೆಲವೇ ಓಮ್ ತೋರಿಸಿದರೆ ಬಿಲ್ಲೆ ಒಳಗೇ ಕೂಡಿಕೊಂಡಿದೆ, ಬಾಕ್ಸನ್ನು ಗೋಡೆಗೆ ಸಿಕ್ಕಿಸಲೇಬಾರದು. ಲಕ್ಷಗಟ್ಟಲೆ ಓಮ್ ತೋರಿಸಿದರೆ ಸರಿಯಿದೆ ಎಂದೇ? ಹಾಗೆ ಹೇಳುವಂತಿಲ್ಲ. ಗಟ್ಟಿ ಬಿಲ್ಲೆಯೂ ಲಕ್ಷಗಟ್ಟಲೆ ತೋರಿಸುತ್ತದೆ, ಫ್ಯೂಸು ಬಿಡಿಸಿಕೊಂಡು ಬಿಲ್ಲೆಯೇ ಇಲ್ಲದಂತಾದ ಬಾಕ್ಸೂ ಅಷ್ಟೇ ತೋರಿಸುತ್ತದೆ. ಮೀಟರಿನ ಒಂಬತ್ತು ವೋಲ್ಟಿನ ಬ್ಯಾಟರಿಗೆ 430ರ ಕೋಡಿಯನ್ನು ಮುಟ್ಟಿ ನೋಡುವ ಎತ್ತರ ಎಲ್ಲಿದೆ? ಆದ್ದರಿಂದ ದೊಡ್ಡ ಏಟು ತಿಂದ ಬಾಕ್ಸು, ಸುಟ್ಟ ವಾಸನೆ ಬಂದದ್ದು, ಬಣ್ಣ ಕಂದಿದ್ದು, ಗುಂಯ್ ಎನ್ನುವುದು, ಪ್ಲಗ್ ಬಿಸಿಯಾಗುವುದು ಇವೆಲ್ಲ ಬದಲಿಸಬೇಕಾದವೇ. ಪ್ರತಿ ಏಟಿಗೂ ಬಿಲ್ಲೆಯ ಒಂದಷ್ಟು ಬದು ಕುಸಿಯುತ್ತವೆ. ದೊಡ್ಡ ಏಟನ್ನು ಅದು ಒಂದೆರಡು ಸಲ ತಾಳೀತು, ಪುಟ್ಟ ಏಟನ್ನು ಸಾವಿರಾರು ಸಲ.

ಮನೆಗೆ ಆರ್‌ಸಿಸಿಬಿ ಎಂಬ ಸೋರಿಕೆ ಕಾವಲಿನ ಸ್ವಿಚ್ಚು ಹಾಕಿಸಿದ್ದು, ಈ ಬಾಕ್ಸು ಸಿಕ್ಕಿಸಿದಾಗಲೆಲ್ಲ ಅದು ಬೀಳುತ್ತಿದ್ದರೆ, ಬಾಕ್ಸಿನಲ್ಲಿ ನೆಲಕ್ಕೆ ಕಟ್ಟಿದ ಬಿಲ್ಲೆ ಸೋರುತ್ತಿರಬಹುದು. 30 ಮಿಲಿ ಆಂಪಿಯರ್ ಸೋರಿದರೆ ಸಾಕು, ಆರ್‌ಸಿಸಿಬಿ ಸುಮ್ಮನಿರದು.

ಮೂರನೆಯ ಪಿನ್ನು

ಅವ್ವನ ಮನೆಯ ಕತೆಯಲ್ಲಿ ಇನ್ನೊಂದು ಸಾಕ್ಷಿ ಉಳಿದಿದೆ: ಫ್ರಿಜ್ಜಿನ ಜುಮ್ಮು.

ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ಮೇಲಿನದು ದಪ್ಪ, ಉದ್ದ. ಉಳಿದೆರಡಕ್ಕಿಂತ ಮೊದಲು ಕೂಡಿ, ಕೊನೆಗೆ ಬಿಡಲಿ ಎಂದೇ ಅದಕ್ಕೆ ಆ ಉದ್ದ. ಒಳ್ಳೆಯ ಸ್ಪೈಕ್ ಗಾರ್ಡಿನಲ್ಲಿ ಮೂರು ಬಿಲ್ಲೆ: ಫೇಸು–ನ್ಯೂಟ್ರಲ್, ಫೇಸು–ಅರ್ಥ್, ನ್ಯೂಟ್ರಲ್–ಅರ್ಥ್. ಸಿಡಿಲಿನ ನೆರೆ ಹೆಚ್ಚಾಗಿ ಎರಡೂ ತಂತಿಯ ಮೇಲೆ ಒಟ್ಟಿಗೇ ಏರಿ ಬರುತ್ತದೆ. ಆಗ ಫೇಸು, ನ್ಯೂಟ್ರಲ್ಲಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸವೇ ಇರದು, ಮೊದಲ ಬಿಲ್ಲೆಗೆ ಏನೂ ಗೊತ್ತಾಗದು. ಕೆಲಸ ಉಳಿದೆರಡರ ಪಾಲಿಗೆ. ಅವು ನೆರೆಯನ್ನು ಮೂರನೆಯ ಪಿನ್ನಿಗೆ ಇಳಿಸುತ್ತವೆ. ಆ ಪಿನ್ನಿನಾಚೆ ಹಳ್ಳವೇ ಇಲ್ಲದಿದ್ದರೆ ಕೋಡಿ ಇದ್ದೇನು ಬಂತು?

ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಗೋಡೆಯ ತೂತಿನಲ್ಲಿ ಮೂರು ಅಳತೆ ತೆಗೆದೆ. ಫೇಸು–ನ್ಯೂಟ್ರಲ್ 228. ಫೇಸು–ಅರ್ಥ್ 228. ನ್ಯೂಟ್ರಲ್–ಅರ್ಥ್ 0. ಪುಸ್ತಕದಲ್ಲಿ ಬರೆದಿಟ್ಟಂಥ ಅಂಕಿ. ಅನುಮಾನ ಬಂದದ್ದೇ ಅದರಿಂದ. ಸೊಸೆಗೆ ಇಸ್ತ್ರಿ ಪೆಟ್ಟಿಗೆ ಹಾಕಲು ಹೇಳಿ ಮತ್ತೆ ಅಳೆದೆ. ಹೊರೆ ಬಿದ್ದಾಗ ನ್ಯೂಟ್ರಲ್ ತಂತಿಯಲ್ಲಿ ಕರೆಂಟು ಹರಿದು, ನೆಲಕ್ಕೆ ಹೋಲಿಸಿದರೆ ಅದು ಒಂದೆರಡು ವೋಲ್ಟಾದರೂ ಏರಬೇಕು. ಇಲ್ಲಿ 0 ಹಾಗೇ ನಿಂತಿತ್ತು. ಮೇನ್ ಸ್ವಿಚ್ ತೆಗೆದು ಗೋಡೆಯ ಬೋರ್ಡು ಬಿಚ್ಚಿದರೆ ಅರ್ಥ್ ತಿರುಪಿನಿಂದ ನ್ಯೂಟ್ರಲ್ ತಿರುಪಿಗೆ ಗೇಣಿಗಿಂತ ಚಿಕ್ಕ ಕರಿ ವೈರು. ಯಾರೋ, ಯಾವಾಗಲೋ ಹಾಕಿದ ಅಡ್ಡದಾರಿ.

ಈ ತುಂಡು ವೈರು ಮೀಟರನ್ನು ಮೋಸ ಮಾಡುತ್ತದೆ, ಮನೆಯವರನ್ನು ಕೊಲ್ಲಲೂ ಬಹುದು. ನ್ಯೂಟ್ರಲ್ ಗಟ್ಟಿಯಿರುವ ತನಕ ಏನೂ ಕಾಣದು. ಅದು ಕಿತ್ತ ಗಳಿಗೆ, ತೇಲುವ ನ್ಯೂಟ್ರಲ್ ಈ ವೈರಿನ ಮೂಲಕ ಮೂರನೆಯ ಪಿನ್ನಿಗೆ, ಅಲ್ಲಿಂದ ಫ್ರಿಜ್ಜಿನ ಮೈಗೆ ಹರಿಯುತ್ತದೆ. ನಮ್ಮ 333–67ರ ಲೆಕ್ಕದಲ್ಲಿ ಫ್ರಿಜ್ಜಿನ ಬಾಗಿಲಿಗೂ ನೆಲಕ್ಕೂ ನಡುವೆ ಸುಮಾರು 175 ವೋಲ್ಟ್. ಕಾಪಾಡಬೇಕಾದ ಪಿನ್ನೇ ಸೊಸೆಯ ಕೈಗೆ ಕರೆಂಟು ತಂದಿತ್ತು. ಇಂಥ ವೈರು ಕಂಡರೆ ಬಲ್ಲ ಎಲೆಕ್ಟ್ರಿಷಿಯನ್ನರಿಂದ ತೆಗೆಸಿ, ನಿಜವಾದ ಅರ್ಥಿಂಗ್ ಕೊಡಿಸುವುದೊಂದೇ ದಾರಿ.

ಇನ್ನೊಂದು ಬಗೆಯ ಜುಮ್ಮು ಇದೆ, ಅದರ ಗುಟ್ಟು ಬೇರೆ. ದಿನವೂ ಕಂಪ್ಯೂಟರಿನ ಲೋಹದ ಮೈ ಸವರಿದರೆ ಬೆರಳು ಸಣ್ಣಗೆ ಜುಮ್ಮೆನ್ನುತ್ತದೆಯೇ? ಅದರ ಪವರ್ ಸಪ್ಲೈಯಲ್ಲಿ ಫೇಸಿನಿಂದ ಮೈಗೆ, ನ್ಯೂಟ್ರಲ್ಲಿನಿಂದ ಮೈಗೆ ಒಂದೊಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅರ್ಥ್ ಇದ್ದರೆ ಅವುಗಳ ಸೋರಿಕೆ ನೆಲಕ್ಕೆ ಇಳಿಯುತ್ತದೆ. ಇಲ್ಲವಾದರೆ ಮೈ ಎರಡರ ನಡುವೆ, 115 ವೋಲ್ಟಿನ ಸುಮಾರಿಗೆ ತೇಲುತ್ತದೆ. ಕರೆಂಟು ಬಲು ಸಣ್ಣದು, ಜೀವ ತೆಗೆಯದು. ಆದರೆ ಮೂರನೆಯ ಪಿನ್ನು ಬರೀ ಆಟಿಕೆ ಎಂದು ಮೀಟರಿಲ್ಲದೆಯೂ ತಿಳಿಸುವ ಸುದ್ದಿ ಅದು.

ಊರಿನಲ್ಲಿ ಅರ್ಥಿಂಗ್ ನೋಡುವ ಹಳೆಯ ಪದ್ಧತಿ 100 ವಾಟಿನ ಬಲ್ಬು. ಫೇಸಿಗೂ ಅರ್ಥಿಗೂ ಕೊಟ್ಟಾಗ ಚೆನ್ನಾಗಿ ಉರಿದರೆ ಪಾಸು. ಆ ಬಲ್ಬಿನ ತಡೆ ಸುಮಾರು 530 ಓಮ್. ಅರ್ಥಿನ ತಡೆ 50 ಓಮ್ ಇದ್ದರೂ ಬಲ್ಬಿಗೆ 210 ವೋಲ್ಟ್ ಸಿಕ್ಕಿ ಬೆಳಕಿಗೆ ಹೇಳಿಕೊಳ್ಳುವ ಕೊರತೆ ಕಾಣದು. ಆದರೆ 100 ಆಂಪಿಯರಿನ ಸಣ್ಣ ಸರ್ಜ್ ಅದೇ 50 ಓಮಿನಲ್ಲಿ ಇಳಿಯುವಾಗ 5,000 ವೋಲ್ಟ್ ಎದ್ದು ನಿಲ್ಲುತ್ತದೆ. ಮೇಲಾಗಿ ಅರ್ಥ್ ಕಿತ್ತಿದ್ದರೆ, ಬಲ್ಬು ಹಚ್ಚಿ ನೋಡುವಷ್ಟು ಹೊತ್ತು ಮನೆಯ ಲೋಹದ ಮೈಗಳಿಗೆಲ್ಲ ಕರೆಂಟು ಹರಿಯುತ್ತದೆ. ನೆಲದ ತಡೆಯನ್ನು ಅಳೆಯುವ ಅರ್ಥ್ ಟೆಸ್ಟರ್ ಬೇರೆಯೇ ಉಪಕರಣ.

ಎರೆ, ಮಸಾರಿ ಮತ್ತು ಭರಣಿ

ಅರ್ಥಿಂಗ್ ಗುಂಡಿಯ ಗುಣ ಅದನ್ನು ತೋಡಿದ ಮಣ್ಣಿನದು. ಮೂರು ಮೀಟರಿನ ಒಂದು ಜಿಐ ಪೈಪನ್ನು ತೇವವಿರುವ ಎರೆ ಮಣ್ಣಿನಲ್ಲಿ ನೆಟ್ಟರೆ ತಡೆ 6 ಓಮಿನ ಸುಮಾರಿಗೆ ಬಂದೀತು. ಅದೇ ಪೈಪು ಒಣಗಿದ ಗರಸು ಮಸಾರಿಯಲ್ಲಿ 90 ಓಮ್ ತೋರಿಸಿದರೂ ಅಚ್ಚರಿಯಿಲ್ಲ. ಪೈಪು ಒಂದೇ, ವ್ಯತ್ಯಾಸವೆಲ್ಲ ನೀರು ಮತ್ತು ಅದರಲ್ಲಿ ಕರಗಿದ ಉಪ್ಪಿನದು. ಗುಂಡಿಗೆ ಇದ್ದಿಲು, ಉಪ್ಪು ತುಂಬುವುದು ಈ ಕಾರಣಕ್ಕೆ. ಎರೆಗೂ ಒಂದು ಚಾಳಿ ಇದೆ: ಬೇಸಿಗೆಯಲ್ಲಿ ಅದು ಬಿರಿಯುತ್ತದೆ, ಬಿರುಕು ಪೈಪಿನ ಪಕ್ಕದಲ್ಲೇ ಬಂದರೆ ಮಣ್ಣು ಲೋಹವನ್ನು ಬಿಟ್ಟು ನಿಲ್ಲುತ್ತದೆ.

ಈಗ ಮಳೆನಕ್ಷತ್ರಗಳನ್ನು ನೆನೆಯಿರಿ. ಅಶ್ವಿನಿ, ಭರಣಿ, ಕೃತ್ತಿಕೆ: ಏಪ್ರಿಲ್ ನಡುವಿನಿಂದ ಮೇ ಕೊನೆಯ ತನಕ. ಬಯಲುಸೀಮೆಯ ಗುಡುಗು ಸಿಡಿಲಿನ ಅಬ್ಬರ ಇರುವುದು ಆಗಲೇ. ಅದೇ ಹೊತ್ತಿಗೆ ನೆಲ ತಿಂಗಳುಗಟ್ಟಲೆ ಬಿಸಿಲಿಗೆ ಒಣಗಿ ವರ್ಷದಲ್ಲೇ ಅತಿ ಕೆಟ್ಟ ಸ್ಥಿತಿಯಲ್ಲಿರುತ್ತದೆ. ಸಿಡಿಲು ಜೋರಾಗಿರುವ ದಿನಗಳಲ್ಲೇ ಅದು ಇಳಿಯಬೇಕಾದ ಹಳ್ಳ ಬತ್ತಿರುತ್ತದೆ. ಮಾರ್ಚಿನಿಂದ ಆಚೆ ಗುಂಡಿಗೆ ವಾರಕ್ಕೆರಡು ಕೊಡ ನೀರು ಸುರಿಯಿರಿ ಎಂದು ಹಳೆಯ ಲೈನ್‌ಮನ್‌ಗಳು ಹೇಳುವ ಮಾತಿನಲ್ಲಿ ಇಷ್ಟು ವಿಜ್ಞಾನವಿದೆ.

ಜೊತೆಗೆ ತೇಲುವ ಹರಿಗೋಲು

ಅರ್ಥಿಂಗ್ ಎಷ್ಟು ಒಳ್ಳೆಯದಿದ್ದರೂ ನೇರ ಸಿಡಿಲಿನ 30,000 ಆಂಪಿಯರಿನ ಎದುರು ಅದು ಸಾಲದು. ಆಗ ಕಾಪಾಡುವುದು ಇನ್ನೊಂದು ಉಪಾಯ. ತುಂಗಭದ್ರೆಯಲ್ಲಿ ನೆರೆ ಏರುವಾಗ ಹರಿಗೋಲು ಮುಳುಗದು, ಅದು ನೀರಿನ ಜೊತೆ ಏರುತ್ತದೆ. ಬಿಗಿಹಗ್ಗದಿಂದ ಅದರ ಒಂದು ಮಗ್ಗುಲನ್ನು ಕೆಳಗಿನ ಬಂಡೆಗೆ ಕಟ್ಟಿದ್ದರೆ ಮಾತ್ರ ಮಗುಚುತ್ತದೆ. ಟಿವಿಗೆ ಕರೆಂಟಿನ ತಂತಿ ಒಂದು ಕಡೆಯಿಂದ, ಮಾಳಿಗೆಯ ಡಿಶ್ ತಂತಿ ಇನ್ನೊಂದು ಕಡೆಯಿಂದ ಬರುತ್ತದೆ. ಒಂದು ಸಾವಿರಾರು ವೋಲ್ಟ್ ಏರಿ ಇನ್ನೊಂದು ಕೆಳಗೇ ಉಳಿದರೆ ಆ ವ್ಯತ್ಯಾಸವೆಲ್ಲ ಟಿವಿಯ ಹೊಟ್ಟೆಯೊಳಗೆ ಹರಿಯುತ್ತದೆ. ಪವರ್ ಬೋರ್ಡು ಗಟ್ಟಿಯಿದ್ದು, ಡಿಶ್ ತಂತಿಯ ತೂತೋ ಎಚ್‌ಡಿಎಂಐ ತೂತೋ ಮಾತ್ರ ಸತ್ತಿದ್ದರೆ ಏಟು ಬಂದದ್ದು ಹಿಂಬಾಗಿಲಿನಿಂದ ಎಂದು ತಿಳಿಯಿರಿ. ಡಿಶ್ಶಿನ ಕಂಬ, ಇಂಟರ್‌ನೆಟ್ಟಿನ ತಾಮ್ರದ ತಂತಿ, ಮೇನ್ ಬೋರ್ಡು ಎಲ್ಲವೂ ಒಂದೇ ಅರ್ಥಿಗೆ ಕೂಡಿದ್ದರೆ ಎಲ್ಲ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ.

ಎಲ್ಲಕ್ಕಿಂತ ಅಗ್ಗದ ಸರ್ಜ್ ಪ್ರೊಟೆಕ್ಟರ್ ಎಂದರೆ ಪ್ಲಗ್ ಕೀಳುವ ಕೈ. ಸ್ವಿಚ್ ಆರಿಸಿದರೆ ಸಾಲದು. ಗೋಡೆಯ ಸ್ವಿಚ್ಚು ಬಿಡಿಸುವುದು ಫೇಸನ್ನು ಮಾತ್ರ, ಅದೂ ಮೂರು ಮಿಲಿಮೀಟರಿನಷ್ಟು ಸಂದಿಯಿಂದ. ಆ ಸಂದಿಯ ಗಾಳಿ 9,000–10,000 ವೋಲ್ಟಿಗೆ ಸೋಲುತ್ತದೆ. ಮೋಡದಿಂದ ಕಿಲೋಮೀಟರುಗಟ್ಟಲೆ ಹಾರಿ ಬಂದದ್ದಕ್ಕೆ ಮೂರು ಮಿಲಿಮೀಟರ್ ಯಾವ ಲೆಕ್ಕ? ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್, ಕೇಂದ್ರ ಸರ್ಕಾರದ ಹವಾಮಾನ ಸಂಸ್ಥೆಗಳ 'ದಾಮಿನಿ' ಆ್ಯಪ್ ಮಿಂಚು ಹತ್ತಿರ ಬರುವ ಮುನ್ಸೂಚನೆ ಕೊಡುತ್ತವೆ. ಪ್ಲಗ್ಗನ್ನೂ ಡಿಶ್ ತಂತಿಯನ್ನೂ ಆಗಲೇ ಕಿತ್ತಿಡಬೇಕು. ಸಿಡಿಲು ತಲೆಯ ಮೇಲೆ ಬಂದ ಮೇಲೆ ಅವನ್ನು ಮುಟ್ಟುವುದು ಬೇಡ.

ನ್ಯೂಟ್ರಲ್ ಕಿತ್ತ 333 ವೋಲ್ಟಿಗೆ ಯಾವ ಬಿಲ್ಲೆಯೂ ಮದ್ದಲ್ಲ. ಅದಕ್ಕೆ ಬೇಕಾದದ್ದು ವೋಲ್ಟೇಜು ಮಿತಿ ಮೀರಿದಾಗ ಕರೆಂಟನ್ನೇ ಕಡಿದು, ಸರಿಯಾದ ಮೇಲೆ ಒಂದೆರಡು ನಿಮಿಷ ಕಾದು ಕೂಡಿಸುವ ಕಟ್-ಆಫ್ ಉಪಕರಣ. ಮೇನ್ ಬೋರ್ಡಿನಲ್ಲಿ ಅದೊಂದು, ಪಕ್ಕದಲ್ಲಿ ಇಡೀ ಮನೆಯ ಸರ್ಜ್ ತಡೆ, ಟಿವಿಯ ಹತ್ತಿರ ಸ್ಪೈಕ್ ಗಾರ್ಡು. ಮೂರಕ್ಕೂ ಕೆಳಗೆ ಒಂದು ಒಳ್ಳೆಯ ಗುಂಡಿ.

ಆ ಗುಂಡಿ ಎಲ್ಲಿದೆ ಎಂದು ಅವ್ವನನ್ನು ಕೇಳಿದೆ. ಅವ್ವ ಹಿತ್ತಲಿಗೆ ಕರೆದುಕೊಂಡು ಹೋದರು. ಅಂಗಳಕ್ಕೆಲ್ಲ ಸಿಮೆಂಟು. ಬಚ್ಚಲ ಗೋಡೆಯಿಂದ ಇಳಿದು ಬಂದ ಜಿಐ ತಂತಿ ಸಿಮೆಂಟಿನ ಅಂಚಿನಲ್ಲಿ ತುಕ್ಕು ಹಿಡಿದು ತುಂಡಾಗಿ ನಿಂತಿತ್ತು. ಎಳೆದರೆ ಕೈಗೇ ಬಂತು. ಅಂಗಳ ಮಾಡಿಸಿದ ವರ್ಷ ಗುಂಡಿ ಅದರಡಿ ಸೇರಿಹೋಗಿತ್ತು. ಆಮೇಲೆ ಶಾಕ್ ಹೊಡೆಯುತ್ತದೆಂದು ಯಾರನ್ನೋ ಕರೆಸಿದಾಗ ಬಂದದ್ದೇ ಆ ಕರಿ ವೈರು.

"ಅಂದ್ರ ಬಾಕ್ಸಿನ ತಪ್ಪಿಲ್ಲ ಅಂತೀ?"

"ಬಾಕ್ಸು ತನ್ನ ಕೈಲಾದದ್ದು ಮಾಡೇತವ್ವ."

ಅವ್ವ ಬಚ್ಚಲಿನಿಂದ ಹೊರಗೆ ಹರಿಯುವ ನೀರಿನ ಕಡೆ ಸ್ವಲ್ಪ ಹೊತ್ತು ನೋಡಿದರು. ಅದು ಬಾಳೆಗಿಡದ ಬುಡ ಸೇರುತ್ತಿತ್ತು, ಅಲ್ಲಿಯ ಎರೆ ಮಣ್ಣು ಏಪ್ರಿಲ್ಲಿನಲ್ಲೂ ಕರ್ರಗೆ ಹಸಿಯಾಗಿತ್ತು.

"ಹೊಸ ಗುಂಡಿ ಇಲ್ಲೇ ತೋಡಿಸಿದ್ರೆ ಹೆಂಗ?" ಎಂದರು.

ನಾನು ಹೇಳಬೇಕೆಂದಿದ್ದ ಜಾಗವೂ ಅದೇ ಆಗಿತ್ತು.